ಬೂರುಗನಿಗೆ ಕಡೆಯ ಚೊಂಬು

ನಮ್ಮೂರಿನಲ್ಲಿ ಯಾರಿಗಾದರೂ ನೀರು ಹಾಕಲು ಹೋದರೆ ಕಡೆಯ ಚೊಂಬಿನ ಹೊತ್ತಿಗೆ ಕೈ ಹಿಂದಕ್ಕೆ ತೆಗೆದುಕೊಳ್ಳಬೇಕು. ಇದನ್ನು ಯಾರೂ ಕೂರಿಸಿಕೊಂಡು ಹೇಳಿಕೊಡುವುದಿಲ್ಲ. ಒಲೆ ಮುಟ್ಟಬಾರದು ಎಂದು ಕಲಿಯುವ ವಯಸ್ಸಿನಲ್ಲೇ ಇದನ್ನೂ ಕಲಿತಿರುತ್ತೇವೆ. ಸ್ನಾನದ ಕಡೆಯ ಚೊಂಬು ಯಾರ ಕೈಯಿಂದ ಬಿತ್ತೋ, ಮಿಂದ ಜೀವ ಅವರದು, ಮುಂದಿನ ಸ್ನಾನದ ತನಕ. ದೊಡ್ಡವರೆಲ್ಲ ತಮ್ಮ ಕಡೆಯ ಚೊಂಬನ್ನು ತಾವೇ ಹುಯ್ದುಕೊಂಡು ತಮ್ಮ ಪಾಡಿಗೆ ತಾವಿರುತ್ತಾರೆ. ಕೂಸಿಗೆ ಅಜ್ಜಿ ಎಣ್ಣೆ ತಿಕ್ಕಿ, ಕಾಲ ಮೇಲೆ ಮಲಗಿಸಿಕೊಂಡು ಹಂಡೆ ನೀರೆಲ್ಲ ಹುಯ್ದರೂ ಕಡೆಯದಕ್ಕೆ ಮಾತ್ರ ಸೊಸೆಯನ್ನು ಕೂಗುತ್ತಾಳೆ. ಸೊಸೆ ಉಕ್ಕುವ ಹಾಲನ್ನೂ ಬಿಟ್ಟು ಓಡಿ ಬರುತ್ತಾಳೆ. ಮದುವೆಯಲ್ಲಿ ಹೆಣ್ಣುಗಂಡು ಒಬ್ಬರಿಗೊಬ್ಬರು ಹುಯ್ಯುತ್ತಾರೆ. ಅದು ಹದಿನೈದು ದಿನ ನಡೆಯುತ್ತದೆ. ಆಮೇಲೆ ಇಬ್ಬರೂ ಬಚ್ಚಲಿನ ಅಗುಳಿ ಹಾಕಿಕೊಂಡು ತಮ್ಮ ತಮ್ಮ ಚೊಂಬು ಹಿಡಿಯುತ್ತಾರೆ, ಸಂಸಾರ ಅಲ್ಲಿಂದ ಶುರುವಾಗುತ್ತದೆ. ಮಳೆ ಲೆಕ್ಕಕ್ಕಿಲ್ಲ, ಅದು ಎಲ್ಲರ ಮೇಲೂ ಬೀಳುತ್ತದೆ. ಒಂದು ಸಲ ಶವರ್ ಮಾರುವವನು ಊರಿಗೆ ಬಂದಿದ್ದ. ತಾಲ್ಲೂಕು ಕಚೇರಿಯ ಗುಮಾಸ್ತರೊಬ್ಬರು ಆಸೆಪಟ್ಟು ಹಾಕಿಸಿಕೊಂಡರು. ಎರಡು ತಿಂಗಳು ಆ ಮನುಷ್ಯರು ಸಂಜೆ ಮನೆಗೆ ಬಂದವರೇ ಚಪ್ಪಲಿ ಕೂಡ ಬಿಡದೆ ಬಚ್ಚಲ ಗೋಡೆಯ ಎದುರು ಹೋಗಿ ನಿಲ್ಲುತ್ತಿದ್ದರಂತೆ. ಹೆಂಡತಿ ಅದನ್ನು ಕೀಳಿಸಿ ಕೈಗೆ ಚೊಂಬು ಕೊಟ್ಟ ಮೇಲೆ ಸರಿಹೋದರು.

ಹುಯ್ಯಬೇಕಾದವರು ಮನೆಯಲ್ಲಿಲ್ಲದಿದ್ದರೆ ಅದಕ್ಕೂ ಒಂದು ದಾರಿಯಿದೆ. ಕಿವಿಯ ಹಿಂದೆ ಒಂದು ಬೆರಳಿನಷ್ಟು ನೊರೆ ಉಳಿಸಿ, ಮೈಗೆ ಟವೆಲು ಸುತ್ತಿ, ಅವರಿದ್ದಲ್ಲಿಗೆ ಕರೆದುಕೊಂಡು ಹೋಗುವುದು. ನೊರೆ ಇರುವ ತನಕ ಸ್ನಾನ ಮುಗಿದಿಲ್ಲ ಎಂದೇ ಅರ್ಥ. ಕಿವಿಯ ಹಿಂದೆ ನೊರೆ ಇಟ್ಟುಕೊಂಡು ಬೀದಿಯಲ್ಲಿ ಹೋಗುವವರನ್ನು ನಮ್ಮೂರಲ್ಲಿ ಯಾರೂ ತಡೆದು ಮಾತನಾಡಿಸುವುದಿಲ್ಲ. ಅವರಿಗೆ ಅವಸರವಿರುತ್ತದೆ ಎಂದು ಎಲ್ಲರಿಗೂ ಗೊತ್ತು.

ನಾನು ಹಿಟ್ಟಿನ ಮಿಲ್ಲಿನವಳು. ಹೆಸರು ಪುಟ್ಟತಾಯಿ. ನನ್ನ ಗಂಡ ಗವಿಯಪ್ಪ ಬೆಲ್ಟು, ಕಲ್ಲು, ಮೋಟಾರು ನೋಡಿಕೊಳ್ಳುತ್ತಾನೆ. ಜನರನ್ನು ನೋಡಿಕೊಳ್ಳುವುದು ನಾನು. ದಿನವಿಡೀ ರಾಗಿ, ಗೋಧಿ, ಅಕ್ಕಿ ಬೀಸುವ ಮನೆ. ಸಂಜೆ ಹೊತ್ತಿಗೆ ನನ್ನ ಹುಬ್ಬು ಕೂಡ ಬೆಳ್ಳಗಾಗಿರುತ್ತದೆ. ಹಾಗಾಗಿ ದಿನಕ್ಕೊಂದು ಸ್ನಾನ ತಪ್ಪಿಸುವಂತಿಲ್ಲ, ಮತ್ತು ಮೂವತ್ತು ವರ್ಷಗಳಿಂದ ದಿನವೂ ನನ್ನ ಕಡೆಯ ಚೊಂಬು ನಾನೇ ಹುಯ್ದುಕೊಂಡಿದ್ದೇನೆ. ನನ್ನಷ್ಟು ನನಗೇ ಸೇರಿದ ಹೆಂಗಸು ಈ ಬೀದಿಯಲ್ಲಿ ಇನ್ನೊಬ್ಬಳಿಲ್ಲ ಎಂದು ಗಂಡ ಆಗಾಗ ಹೇಳುತ್ತಾನೆ. ಅದು ಹೊಗಳಿಕೆಯಲ್ಲ.

ಮಿಲ್ಲಿನ ಪಕ್ಕದ ಮನೆ ದಮಯಂತಿ ಟೀಚರದು. ಹೈಸ್ಕೂಲಿನಲ್ಲಿ ಡ್ರಿಲ್ ಮಾಡಿಸುತ್ತಿದ್ದವರು. ನನಗೂ ಮಾಡಿಸಿದ್ದಾರೆ; ಓಟದಲ್ಲಿ ನಾನು ಯಾವಾಗಲೂ ಕೊನೆ, ಅದನ್ನು ಅವರು ನಿವೃತ್ತರಾದ ಮೇಲೂ ಮರೆತಿರಲಿಲ್ಲ. ಮದುವೆ ಆಗಲಿಲ್ಲ, ಬಂಧು ಬಳಗ ಅಂತ ಹೇಳಿಕೊಳ್ಳುವುದಕ್ಕೆ ಯಾರೂ ಇಲ್ಲ. ಇದ್ದದ್ದು ಬೂರುಗ. ಯಾವುದೋ ಚಳಿಯ ಬೆಟ್ಟದ ಕಡೆಯಿಂದ ಬಂದ ಲಾರಿಯವನು ಮರಿಯನ್ನು ಬಿಟ್ಟುಹೋಗಿದ್ದನಂತೆ. ಬೆಳೆದ ಮೇಲೆ ನೋಡಿದರೆ ಅದೆಂಥ ಕೂದಲು. ಮೇಲೆ ಉದ್ದನೆಯದು ಒಂದು ಪದರ, ಕೆಳಗೆ ಉಣ್ಣೆಯ ಹಾಗೆ ಒತ್ತಾಗಿ ಇನ್ನೊಂದು ಪದರ. ಬೆರಳು ಇಟ್ಟರೆ ಮೂರು ಗೆಣ್ಣು ಒಳಗೆ ಹೋದರೂ ಚರ್ಮ ಸಿಗುತ್ತಿರಲಿಲ್ಲ. ಬೂರುಗದ ಹತ್ತಿಯ ಮೂಟೆಗೆ ನಾಲ್ಕು ಕಾಲು ಬಂದಂತೆ ಕಾಣುತ್ತಿದ್ದ, ಅದಕ್ಕೇ ಆ ಹೆಸರು. ಟೀಚರ್ ಅವನಿಗೆ ಎರಡು ತಿಂಗಳಿಗೊಮ್ಮೆ ಸ್ನಾನ ಮಾಡಿಸುತ್ತಿದ್ದರು. ಬೆಳಿಗ್ಗೆ ಶುರು ಮಾಡಿದರೆ ಮಧ್ಯಾಹ್ನದ ತನಕ ಗೋಡೆಯಾಚೆ ಚೊಂಬಿನ ಸದ್ದು ಕೇಳುತ್ತಿತ್ತು. ಒಂದು ನಾಯಿಗೆ ಇಷ್ಟು ನೀರೇ ಎಂದು ನಾನು ಗೊಣಗಿದ್ದುಂಟು. ಯಾಕೆ ಅಷ್ಟು ನೀರು ಅಂತ ಕೇಳಿ ತಿಳಿದುಕೊಂಡಿದ್ದರೆ ಮುಂದಿನ ಕಥೆಯೇ ಇರುತ್ತಿರಲಿಲ್ಲ.

ಟೀಚರ್ ಹಿತ್ತಲಿನಲ್ಲಿ ಜಾರಿ ಬಿದ್ದು ಸೊಂಟದ ಮೂಳೆ ಮುರಿದುಕೊಂಡರು. ಆಟೋದಲ್ಲಿ ಮಲಗಿಸಿಕೊಂಡು ಹೋಗುವಾಗ, ಅಷ್ಟು ನೋವಿನಲ್ಲೂ, ನನ್ನ ಸೆರಗು ಹಿಡಿದುಕೊಂಡರು.

"ಪುಟ್ತಾಯಿ, ಅನ್ನ ಹಾಕು, ಕಟ್ಟಿ ಹಾಕಬೇಡ. ನೀರು ಮಾತ್ರ ಹುಯ್ಯಬೇಡ ಕಣೇ."

"ಹುಯ್ಯಲ್ಲ ಟೀಚರ್. ನಂಗ್ಯಾಕೆ ನಿಮ್ಮ ನಾಯಿ."

ನಿಜವಾಗಿಯೂ ನನಗೆ ಬೇಕಿರಲಿಲ್ಲ. ಬೂರುಗ ಮಿಲ್ಲಿಗೆ ಬಂದು ಹಿಟ್ಟಿನ ಧೂಳಿನ ನಡುವೆ ಮಲಗಿದ. ಬೀಸಿಸಿಕೊಳ್ಳಲು ಬಂದವರು ಅವನನ್ನು ದಾಟಿಕೊಂಡು ಓಡಾಡಿದರು. ಸಂಜೆ ಐದಾಗುತ್ತಲೂ ಎದ್ದು ಮೈ ಕೊಡವಿ, ಒಂದು ಸೇರು ಹಿಟ್ಟು ಉದುರಿಸಿ, ಹೊರಟುಹೋಗುತ್ತಿದ್ದ. ಆಸ್ಪತ್ರೆ ಊರಿನ ಆ ತುದಿಗೆ. ಅದರ ಹಿಂದಿನ ಓಣಿಗೆ ಹೆಂಗಸರ ವಾರ್ಡಿನ ಕಿಟಕಿಗಳು ಬರುತ್ತವೆ, ಮೊದಲ ಮಹಡಿಯಲ್ಲಿ. ಬೂರುಗ ಓಣಿಯಲ್ಲಿ ಕೂತು ಮೇಲೆ ನೋಡುತ್ತಾನೆ. ಟೀಚರ್ ಸರಳು ಹಿಡಿದು ಕೆಳಗೆ ನೋಡುತ್ತಾರೆ. ಕತ್ತಲಾಗುವ ಮೊದಲು ಅವರು ಹೋಗು ಅಂದರೆ ಇವನು ವಾಪಸು ಬರುತ್ತಾನೆ. ವಾಚ್‌ಮನ್ ಬೋರಯ್ಯ ನಮ್ಮ ಮಿಲ್ಲಿನ ಗಿರಾಕಿ, ಇದನ್ನೆಲ್ಲ ಅವನೇ ಹೇಳಿದ್ದು. ಟೀಚರ್ ನಡೆಯುವ ಅಭ್ಯಾಸ ಮಾಡಲು ಒಪ್ಪುವುದಿಲ್ಲ, ಆದರೆ ಐದು ಗಂಟೆಗೆ ಮಾತ್ರ ವಾಕರ್ ಹಿಡಿದು ಕಿಟಕಿಯ ತನಕ ಹೋಗುತ್ತಾರೆ ಎಂದೂ ಹೇಳಿದ. ನಾನು ಒಂದೇ ಸಲ ನೋಡಲು ಹೋಗಿದ್ದೆ, ಅದೂ ಬಾಳೆಹಣ್ಣು ಕೊಟ್ಟು ಐದು ನಿಮಿಷಕ್ಕೆ ಎದ್ದುಬಂದಿದ್ದೆ. ಮಿಲ್ಲು ಬಿಟ್ಟು ಕೂರುವುದಕ್ಕೆ ನನಗೆಲ್ಲಿ ಪುರುಸೊತ್ತು.

ಆರು ವಾರ ಕಳೆಯಿತು. ಅಷ್ಟರಲ್ಲಿ ನನಗೆ ಆಗಬಾರದ್ದು ಆಗಿತ್ತು. ಬೆಳಿಗ್ಗೆ ಮಿಲ್ಲಿನ ಬಾಗಿಲು ತೆಗೆದಾಗ ಬೂರುಗನ ಬಾಲ ನೆಲಕ್ಕೆ ಎರಡು ಸಲ ಬಡಿಯುತ್ತಿತ್ತು. ಬರೀ ಎರಡು ಸಲ, ಬಾಡಿಗೆ ಮನೆಯವರು ಮಾಲೀಕರಿಗೆ ನಮಸ್ಕಾರ ಹೇಳುವಂತೆ. ಅಷ್ಟಕ್ಕೇ ನಾನು ಹಿಗ್ಗುತ್ತಿದ್ದೆ. ಗಂಡನಿಗೆ ಹೇಳದೆ ಮುದ್ದೆಗೆ ತುಪ್ಪ ಹಚ್ಚಿ ಹಾಕಿದೆ. ಐದು ಗಂಟೆಗೆ ಅವನು ಹಿಂತಿರುಗಿ ಕೂಡ ನೋಡದೆ ಹೊರಟಾಗ ಕೆಲಸ ಬಿಟ್ಟು ಬಾಗಿಲಿಗೆ ಬಂದು, ತಿರುವಿನಲ್ಲಿ ಮರೆಯಾಗುವ ತನಕ ನೋಡುತ್ತಿದ್ದೆ. ಅನ್ನ ಹಾಕುವವಳು ನಾನು, ಕೂದಲ ಸಿಕ್ಕು ಬಿಡಿಸುವವಳು ನಾನು, ನಾಯಿ ಮಾತ್ರ ಅವರದು. ಹೊಟ್ಟೆಕಿಚ್ಚು ಎಂದು ಹೆಸರಿಟ್ಟು ಹೇಳಲು ಐವತ್ತೆರಡನೆಯ ವಯಸ್ಸಿನಲ್ಲಿ ನಾಚಿಕೆಯಾಗುತ್ತದೆ, ಆದರೆ ಅದು ಹೊಟ್ಟೆಕಿಚ್ಚೇ.

ಆ ಗುರುವಾರ ಮದುವೆ ಮನೆಯವರ ಮೆಣಸಿನಕಾಯಿ ಬಂತು. ಖಾರಕ್ಕೆ ಬೇರೆಯೇ ಯಂತ್ರವಿದೆ, ಹಿಂದಿನ ಮೂಲೆಯಲ್ಲಿ. ಪುಡಿ ಇಳಿಯುವ ಬಾಯಿಗೆ ಬಟ್ಟೆಯ ಚೀಲ ಕಟ್ಟಿರುತ್ತೇವೆ. ಅದರ ದಾರ ಸಡಿಲವಾಗಿದೆ ಎಂದು ಗವಿಯಪ್ಪ ಎರಡು ದಿನದಿಂದ ಹೇಳುತ್ತಿದ್ದ, ನಾನು ಆಯ್ತು ಆಯ್ತು ಅನ್ನುತ್ತಿದ್ದೆ. ಬೂರುಗ ಆ ದಿನ ಯಾಕೋ ತಂಪಿಗೆಂದು ಅದರ ಕೆಳಗೇ ಹೋಗಿ ಮಲಗಿದ್ದ. ಚೀಲ ಕಳಚಿ ಬಿತ್ತು. ನಾಲ್ಕೈದು ಸೇರು ಬಿಸಿ ಬಿಸಿ ಖಾರದ ಪುಡಿ ಅವನ ಬೆನ್ನ ಮೇಲೆ ಸುರಿಯಿತು. ಅವನು ಕೂಗಿದ ಕೂಗು ಮೋಟಾರಿನ ಸದ್ದನ್ನೂ ಮೀರಿ ಬೀದಿಗೆ ಕೇಳಿಸಿತು.

ಖಾರದವರಿಗೆ ಖಾರದ ಗುಣ ಗೊತ್ತು. ನೀರು ಹುಯ್ದರೆ ಉರಿ ಇನ್ನಷ್ಟು ಹರಡುತ್ತದೆ, ಮೊದಲು ಎಣ್ಣೆ ಬೇಕು. ಕಣ್ಣಿಗೆ ಹಾಲಿನ ಬಟ್ಟೆ ಒತ್ತಿದೆ. ಗವಿಯಪ್ಪ ಅವನ ಮೂತಿ ಹಿಡಿದುಕೊಂಡ, ನಾನು ಒಣ ಬ್ರಷ್ಷಿನಿಂದ ಎಷ್ಟು ಉದುರುತ್ತದೋ ಅಷ್ಟು ಉದುರಿಸಿದೆ. ಇಬ್ಬರೂ ಸೀನಿ ಸೀನಿ ಸುಸ್ತಾದೆವು. ಆಮೇಲೆ ಕೊಬ್ಬರಿ ಎಣ್ಣೆಯ ಡಬ್ಬಿ ಪೂರ್ತಿ ಸುರಿದು ಕೂದಲ ಬುಡದ ತನಕ ತಿಕ್ಕಿದೆ. ಎಣ್ಣೆ ಹೋಗಬೇಕಲ್ಲ, ಅದಕ್ಕೆ ಅಂಟುವಾಳದ ಕಾಯಿಯನ್ನು ಬಿಸಿನೀರಿನಲ್ಲಿ ಕಿವುಚಿ ನೊರೆ ಮಾಡಿದೆ. ಹಿತ್ತಲಿನ ಒಗೆಯುವ ಕಲ್ಲಿನ ಹತ್ತಿರ ಅವನನ್ನು ನಿಲ್ಲಿಸಿ ನೊರೆ ಹಚ್ಚಿದರೆ, ಎಷ್ಟು ಹಚ್ಚಿದರೂ ಒಳಗೆ ಹೋಗಿ ಮಾಯವಾಗುತ್ತಿತ್ತು.

"ಲೇ, ಹುಷಾರು," ಅಂದ ಗವಿಯಪ್ಪ. "ಕಡೇದು ನೀನು ಹುಯ್ದುಬಿಟ್ಟೀಯ."

"ನಂಗೆ ಗೊತ್ತಿಲ್ವಾ. ಕಿವಿ ಹಿಂದೆ ನೊರೆ ಬಿಡ್ತೀನಿ, ಟೀಚರ್ ಹತ್ರ ಕರ್ಕೊಂಡು ಹೋಗೋಣ."

"ಆಸ್ಪತ್ರೆಗಾ, ಈ ಒದ್ದೆ ನಾಯೀನಾ?"

"ಇನ್ನೇನು, ಅವರನ್ನ ಇಲ್ಲಿಗೆ ಹೊತ್ಕೊಂಡು ಬರ್ತೀಯಾ?"

ಚೊಂಬಿನ ಮೇಲೆ ಚೊಂಬು ಹುಯ್ದೆ. ಕೆಂಪು ನೀರು ಹೋಯಿತು, ಆಮೇಲೆ ಎಣ್ಣೆ ನೀರು, ಆಮೇಲೆ ಬಿಳಿ ನೀರು, ಕಡೆಗೆ ಸಾದಾ ನೀರು. ಮೇಲಿನ ಕೂದಲು ಹಿಡಿದು ಎಳೆದರೆ ಕಿರ್ ಎಂದಿತು. ಸರಿ, ಇನ್ನೊಂದು ಚೊಂಬಿಗೆ ಮುಗಿಯುತ್ತದೆ ಅಂದುಕೊಂಡು, ಬಲಗಿವಿಯ ಹಿಂದೆ ದೊಡ್ಡದಾಗಿಯೇ ನೊರೆ ಮೆತ್ತಿ, ಗವಿಯಪ್ಪನ ಹಳೆಯ ಪಂಚೆ ಸುತ್ತಿ, ಗೂಡ್ಸ್ ಆಟೋ ಹತ್ತಿಸಿದೆವು. ದಾರಿಯಲ್ಲಿ ಯಾರೂ ನಮ್ಮನ್ನು ತಡೆಯಲಿಲ್ಲ. ನೊರೆ ನೋಡಿದವರೆಲ್ಲ ದಾರಿ ಬಿಟ್ಟರು.

ಬೋರಯ್ಯ ಗೇಟು ತೆಗೆದ. ಟೀಚರನ್ನು ಗಾಲಿಕುರ್ಚಿಯಲ್ಲಿ ಆಸ್ಪತ್ರೆಯ ಅಂಗಳಕ್ಕೆ ಇಳಿಸಿದರು. ಆರು ವಾರಕ್ಕೆ ಅವರು ಅರ್ಧ ಆಗಿದ್ದರು. ಡ್ರಿಲ್ ಮಾಡಿಸುತ್ತಿದ್ದ ಆ ತೋಳಿಗೆ ಚೊಂಬು ಎತ್ತಲು ಆಗಲಿಲ್ಲ, ಎರಡೂ ಕೈಯಲ್ಲಿ ಹಿಡಿದು ತೊಡೆಯ ಮೇಲೆ ಒರಗಿಸಿ ಬಗ್ಗಿಸಿದರು. ಬೂರುಗನ ಕಿವಿಯ ಹಿಂದಿನ ನೊರೆ ಹೋಯಿತು. ಟೀಚರ್ ಅಳುತ್ತಿದ್ದರು. ಅಷ್ಟರಲ್ಲಿ ಬೂರುಗ ಮೈ ಕೊಡವಿದ. ಆ ಕೂದಲಿನಲ್ಲಿ ಎಷ್ಟು ನೀರಿತ್ತೋ, ಖಾರದ ಘಾಟಿನ ಎಣ್ಣೆ ನೀರು, ಅಂಗಳದಲ್ಲಿ ಒಣಗುತ್ತಿದ್ದ ವಾರ್ಡಿನ ಬಿಳಿ ದುಪ್ಪಟಿಗಳ ಮೇಲೆಲ್ಲ ಹಾರಿತು, ದೊಡ್ಡ ಸಿಸ್ಟರ ಮುಖಕ್ಕೂ ಸೇರಿ. ಆಕೆ ಕಣ್ಣು ಒರೆಸಿಕೊಂಡು, ನಾಯಿ ಇನ್ನು ಗೇಟಿನೊಳಗೆ ಕಾಲಿಡಕೂಡದು, ಪೇಷೆಂಟು ಕೆಳಗಿಳಿಯಕೂಡದು ಎಂದು ಕಟ್ಟಪ್ಪಣೆ ಮಾಡಿದರು. ತಪ್ಪು ಅನ್ನುವಂತಿರಲಿಲ್ಲ. ದುಪ್ಪಟಿಗಳನ್ನು ಮನೆಗೆ ತಂದು ಒಗೆದುಕೊಟ್ಟೆ.

ಮಾರನೆಯ ದಿನ ಐದು ಗಂಟೆಗೆ ಬೂರುಗ ಎದ್ದ, ಹೊರಟ. ಅರ್ಧ ಗಂಟೆಗೆಲ್ಲ ವಾಪಸು ಬಂದ. ಮಿಲ್ಲಿನ ಬಾಗಿಲಿಗೆ ಬಂದವನು ಒಳಗೂ ಬರಲಿಲ್ಲ. ತಿರುಗಿ ಹೋದ. ಯಾರೋ ಹೇಳಿದರು, ಮಾರ್ಕೆಟ್ಟಿನ ಸೇತುವೆಯ ಮೇಲೆ ನಡುಮಧ್ಯೆ ನಿಂತಿದ್ದಾನೆ, ಆ ಕಡೆಗೂ ಇಲ್ಲ ಈ ಕಡೆಗೂ ಇಲ್ಲ ಎಂದು. ಗವಿಯಪ್ಪ ಹಗ್ಗ ಹಾಕಿ ಕರೆತಂದ. ಬೂರುಗ ಕುಳಿತು ಕುತ್ತಿಗೆಯನ್ನೂ ಎದೆಯನ್ನೂ ಹಿಂಗಾಲಿನಿಂದ ಕೆರೆದುಕೊಳ್ಳತೊಡಗಿದ. ನಾನು ಕೂದಲು ಸರಿಸಿ ನೋಡಲು ಬೆರಳು ಒಳಗೆ ಹಾಕಿದೆ. ಮೇಲಿನ ಪದರ ಒಣಗಿತ್ತು. ಒಳಗಿನ ಉಣ್ಣೆಯಲ್ಲಿ ಬೆರಳು ಜಾರಿತು. ಎದೆಯ ಕೆಳಗೆ, ತೊಡೆಯ ಹಿಂದೆ, ಬಾಲದ ಬುಡದಲ್ಲಿ ಅಂಟುವಾಳದ ನೊರೆ ಹಾಗೇ ಕೂತಿತ್ತು. ಚರ್ಮ ಕೆಂಪಗೆ ಹುಣ್ಣಾಗಲು ಶುರುವಾಗಿತ್ತು. ಟೀಚರ್ ಮಧ್ಯಾಹ್ನದ ತನಕ ಯಾಕೆ ನೀರು ಹುಯ್ಯುತ್ತಿದ್ದರು ಎಂದು ಆಗ ತಿಳಿಯಿತು. ಮನುಷ್ಯರ ಸ್ನಾನ ಗೊತ್ತಿದ್ದವಳು ನಾನು, ಮೇಲೆ ಕಿರ್ ಅಂದದ್ದನ್ನೇ ನಂಬಿಕೊಂಡಿದ್ದೆ. ಕಿವಿಯ ಹಿಂದಿನ ನೊರೆ ಹೋಗಿತ್ತು, ಮೈಯ ನೊರೆ ಹೋಗಿರಲಿಲ್ಲ. ಹಳೆಯ ಸ್ನಾನ ಕಳೆದುಹೋಗಿತ್ತು, ಹೊಸ ಸ್ನಾನ ಮುಗಿದಿರಲಿಲ್ಲ. ಟೀಚರ್ ಹುಯ್ದದ್ದು ಕಡೆಯ ಚೊಂಬು ಆಗಿರಲಿಲ್ಲ. ಬೂರುಗ ಈಗ ಯಾರವನೂ ಅಲ್ಲ.

"ನಾಳೆನೇ ತೊಳೀಬೇಕು," ಅಂದ ಗವಿಯಪ್ಪ. "ಇನ್ನೊಂದು ದಿನ ಬಿಟ್ರೆ ಚರ್ಮ ಕಿತ್ತು ಬರುತ್ತೆ."

"ಟೀಚರ್ ಹತ್ರ ಹೆಂಗೆ ಕರ್ಕೊಂಡು ಹೋಗೋದು? ಗೇಟಲ್ಲಿ ಬಿಡಲ್ಲ."

"ಅದನ್ನ ನೀನೇ ನೋಡು," ಅಂದು ಅವನು ಮೋಟಾರಿನ ಕಡೆ ಹೋದ. ಅವನು ಬೇಕೆಂದೇ ಹೋದನೋ, ಕೆಲಸವಿದ್ದು ಹೋದನೋ, ಇವತ್ತಿಗೂ ನಾನು ಕೇಳಿಲ್ಲ.

ಮರುದಿನ ಮಧ್ಯಾಹ್ನ ಹಂಡೆಯಲ್ಲಿ ನೀರು ಕಾಯಿಸಿದೆ. ಬೂರುಗ ಒಗೆಯುವ ಕಲ್ಲಿನ ಹತ್ತಿರ ತಾನೇ ಬಂದು ನಿಂತ, ಅಷ್ಟು ತುರಿಕೆಯಾಗಿತ್ತು ಅವನಿಗೆ. ನನ್ನ ಕೈಯಲ್ಲಿ ಚೊಂಬಿತ್ತು. ಸುಳ್ಳು ಹೇಳುವುದಿಲ್ಲ, ನನ್ನ ಮನಸ್ಸು ಆಗ ಹೇಗಿತ್ತು ಎಂದರೆ, ಇದರಲ್ಲಿ ನನ್ನ ತಪ್ಪೇನು ಅನ್ನುತ್ತಿತ್ತು. ಚರ್ಮ ಹುಣ್ಣಾಗುತ್ತಿದೆ. ಆಸ್ಪತ್ರೆಯವರು ಬಿಡುವುದಿಲ್ಲ. ಯಾರಾದರೂ ಹುಯ್ಯಲೇಬೇಕು. ಇವತ್ತು ಹುಯ್ದರೆ ನಾಳೆ ಬೆಳಿಗ್ಗೆ ಬಾಗಿಲು ತೆಗೆದಾಗ ಅವನ ಬಾಲ ಎರಡು ಸಲಕ್ಕೆ ನಿಲ್ಲುವುದಿಲ್ಲ. ಐದು ಗಂಟೆಗೆ ಅವನು ಎದ್ದು ಹೋಗುವುದಿಲ್ಲ. ಕೇಳಿದವರಿಗೆ ಹೇಳಲು ಒಳ್ಳೆಯ ಕಾರಣವಿದೆ. ಟೀಚರ್ ಗುಣವಾಗಿ ಬಂದ ಮೇಲೆ ಅವರೇ ಒಂದು ಸ್ನಾನ ಮಾಡಿಸಿ ವಾಪಸು ತೆಗೆದುಕೊಳ್ಳಲಿ ಅಂದುಕೊಂಡೆ. ಅವರು ಗುಣವಾಗಿ ಬರದೇ ಇರಬಹುದು ಅನ್ನುವುದೂ ಅದೇ ಉಸಿರಿನಲ್ಲಿ ಹೊಳೆದಿತ್ತು, ಹೊಳೆದದ್ದನ್ನು ನಾನು ಪಕ್ಕಕ್ಕೆ ತಳ್ಳಿರಲಿಲ್ಲ.

ಮೊದಲ ಚೊಂಬು ಎತ್ತಿದ್ದೆ. ಮಿಲ್ಲಿನ ಕಡೆಯಿಂದ ಬೋರಯ್ಯ ಬಂದ, ಕೈಯಲ್ಲಿ ರಾಗಿಯ ಚೀಲವಿರಲಿಲ್ಲ.

"ಅಕ್ಕಾ, ಟೀಚರ್ ಒಂದು ಮಾತು ಕೇಳ್ಕೊಂಡು ಬಾ ಅಂದ್ರು."

"ಏನಂತೆ?"

"ನಿನ್ನೆ ನಾಯಿ ಬರಲಿಲ್ಲ. ನಾಲ್ಕು ಗಂಟೆಯಿಂದ ಕಿಟಕೀಲಿ ನಿಂತಿದ್ರು, ಏಳಾದ್ರೂ ಕೂರಲಿಲ್ಲ. ಸಿಸ್ಟರು ಬೈದು ಮಲಗಿಸಿದ್ರು. ಬೆಳಗ್ಗೆಯಿಂದ ಏನೂ ತಿಂದಿಲ್ಲ."

ನಾನು ಚೊಂಬನ್ನು ಕಲ್ಲಿನ ಮೇಲಿಟ್ಟೆ. ಅವನು ಅತ್ತ ಇತ್ತ ನೋಡಿ, ಕಷ್ಟಪಟ್ಟು ಉಳಿದದ್ದನ್ನೂ ಹೇಳಿದ.

"ಪುಟ್ತಾಯಿ ಹುಯ್ದಿದ್ರೆ ಹುಯ್ದಿದೀನಿ ಅಂತ ಹೇಳಲಿ, ನಾನೇನೂ ಬೇಜಾರು ಮಾಡ್ಕೊಳಲ್ಲ ಅಂದ್ರು. ಗೊತ್ತಾದ್ರೆ ಕಿಟಕಿ ಹತ್ರ ನಿಲ್ಲೋದು ತಪ್ಪುತ್ತೆ, ಕಾಲು ನೋಯುತ್ತೆ ಅಂದ್ರು."

ನನಗೆ ಸಿಟ್ಟು ಬಂತು. ಕಳ್ಳಿ ಅಂದಂತಾಯಿತಲ್ಲ ಎಂದು ಬಂದ ಸಿಟ್ಟು. ಆದರೆ ಬಯ್ಯುವಂತಿರಲಿಲ್ಲ, ಯಾಕೆಂದರೆ ಅವರು ತಪ್ಪು ತಿಳಿದದ್ದು ಕೆಲವು ಗಂಟೆಯಷ್ಟೇ. ಬೋರಯ್ಯ ಸಂಜೆಗೆ ಬಂದಿದ್ದರೆ ಅವರ ಮಾತು ನಿಜವಾಗಿರುತ್ತಿತ್ತು. ನಾನು ಬೂರುಗನ ಪಕ್ಕ ಒಗೆಯುವ ಕಲ್ಲಿನ ಮೇಲೆ ಕೂತು ಅತ್ತೆ. ಬೋರಯ್ಯ ಗಾಬರಿಯಾಗಿ ಗವಿಯಪ್ಪನನ್ನು ಕೂಗಿದ.

"ಬೋರಯ್ಯ," ಅಂದೆ ಕಣ್ಣು ಒರೆಸಿಕೊಂಡು, "ಗೇಟೊಳಗೆ ನಾಯಿ ಬರಬಾರದು ತಾನೆ? ಓಣಿ ಆಸ್ಪತ್ರೇದಲ್ವಲ್ಲ?"

"ಓಣಿ ಪುರಸಭೇದು."

"ಟೀಚರ್ ಕೆಳಗೆ ಇಳೀಬಾರದು. ಕಿಟಕೀಲಿ ನಿಂತ್ಕೋಬಹುದು?"

"ದಿನಾ ನಿಲ್ತಾರಲ್ಲ."

"ಹಂಗಾದ್ರೆ ನೀನು ಮೇಲಕ್ಕೆ ನೀರು ಹೊತ್ತು ಕೊಡು. ಬಿಸಿನೀರು. ಅವರು ಕಿಟಕಿಯಿಂದ ಹುಯ್ಯಲಿ."

ಬೋರಯ್ಯ ನನ್ನನ್ನೂ ನಾಯಿಯನ್ನೂ ನೋಡಿದ. "ಎಷ್ಟು ಬಕೆಟ್ಟಕ್ಕಾ?" ಅಂದ. ಎಷ್ಟು ಎಂದು ನನಗೂ ಗೊತ್ತಿರಲಿಲ್ಲ.

ಐದು ಗಂಟೆಗೆ ನಾವು ಓಣಿಯಲ್ಲಿದ್ದೆವು. ಕಿಟಕಿಯ ಸರಳುಗಳ ಹಿಂದೆ ಟೀಚರ್ ನಿಂತಿದ್ದರು, ಪಕ್ಕದ ಮಂಚದ ಹೆಂಗಸೊಬ್ಬಳು ಅವರ ಸೊಂಟಕ್ಕೆ ಕೈ ಕೊಟ್ಟಿದ್ದಳು. ದೊಡ್ಡ ಸಿಸ್ಟರು ಆ ಹೊತ್ತಿಗೆ ಕಾಫಿಗೆ ಹೋಗುತ್ತಾರೆ, ಅದನ್ನೂ ನೋಡಿಕೊಂಡೇ ಬಂದಿದ್ದೆವು. ನಾನು ಕತ್ತೆತ್ತಿ ಎಲ್ಲವನ್ನೂ ಹೇಳಿದೆ. ಒಳಗಿನ ನೊರೆ ಹೋಗಿಲ್ಲ, ನಿನ್ನೆ ಅವನು ಸೇತುವೆಯ ಮೇಲೆ ನಿಂತಿದ್ದ ಎಂದು. ಚೊಂಬು ಎತ್ತಿದ್ದನ್ನೂ ಹೇಳಿದೆ. ಓಣಿಯಲ್ಲಿ ನಿಂತು ಮಹಡಿಗೆ ಕೇಳುವಂತೆ ಅದನ್ನು ಹೇಳುವುದು ಸುಲಭವಿರಲಿಲ್ಲ, ಸುತ್ತಲಿನ ಕಿಟಕಿಗಳಲ್ಲೆಲ್ಲ ತಲೆಗಳು ಕಂಡವು.

ಟೀಚರ್ ಸರಳಿನ ನಡುವೆ ಮುಖ ಒತ್ತಿ ಬೂರುಗನನ್ನು ತಲೆಯಿಂದ ಬಾಲದ ತನಕ ನೋಡಿದರು. ಆಮೇಲೆ ಹಳೆಯ ಡ್ರಿಲ್ ದನಿಯಲ್ಲಿ ಅಂದರು, "ನೀನು ಕೂದಲು ಬಿಡಿಸಿ ಹಿಡೀಬೇಕು ಕಣೇ. ಇಲ್ಲಾಂದ್ರೆ ನೀರು ಮೇಲೇ ಜಾರಿ ಹೋಗುತ್ತೆ. ಬೆನ್ನಿಂದ ಶುರು ಮಾಡು, ಹೊಟ್ಟೆ ಕಡೇಗೆ."

ಒಂದೊಂದೇ ಮಗ್ಗು ನೀರು ಸರಳಿನ ನಡುವಿನಿಂದ ಬಿತ್ತು. ಮಹಡಿಯಿಂದ ಬೀಳುವ ನೀರು ಹೇಳಿದ ಕಡೆ ಬೀಳುವುದಿಲ್ಲ. ಗಾಳಿಗೆ ಒಮ್ಮೆ ಗೋಡೆಗೆ, ಒಮ್ಮೆ ಗವಿಯಪ್ಪನ ಚಪ್ಪಲಿಗೆ. ನಾನು ಬೂರುಗನನ್ನು ಎರಡೂ ಮಂಡಿಗಳ ನಡುವೆ ಹಿಡಿದು, ಅವನ ಮೇಲೆ ಬಗ್ಗಿ, ಎರಡು ಕೈಯಿಂದ ಕೂದಲು ಸೀಳಿ ಚರ್ಮ ಕಾಣುವಂತೆ ಮಾಡಿದೆ. ನೀರು ಬಂದು ಆ ಬೈತಲೆಗೆ ಸರಿಯಾಗಿ ಇಳಿದಾಗ ಒಳಗಿನಿಂದ ನೊರೆ ಬುಳಬುಳ ಎದ್ದುಬಂತು. ನೊರೆಯನ್ನು ಬೆರಳಿನಿಂದ ತಳ್ಳಿ, ಪಕ್ಕಕ್ಕೆ ಇನ್ನೊಂದು ಬೈತಲೆ. ಹೀಗೆ ಇಂಚಿಂಚು. ಬೋರಯ್ಯ ಮೆಟ್ಟಿಲು ಹತ್ತಿ ಇಳಿದು ಏದುಸಿರು ಬಿಡುತ್ತಿದ್ದದ್ದು ಕೆಳಗಿನ ತನಕ ಕೇಳುತ್ತಿತ್ತು. "ಕುತ್ತಿಗೆ ಕೆಳಗೆ," ಅಂದರು ಟೀಚರ್. "ಅಲ್ಲ, ಇನ್ನೂ ಒಳಗೆ. ಬೆರಳು ಜಾರುತ್ತಾ?"

"ಜಾರುತ್ತೆ ಟೀಚರ್."

"ಹಂಗಾದ್ರೆ ಮತ್ತೆ."

ಆ ಸೋತ ಕೈಗೆ ಗುರಿ ನಿಲ್ಲುತ್ತಿರಲಿಲ್ಲ, ಅದಕ್ಕೇ ಅರ್ಧ ನೀರು ನನ್ನ ತಲೆಯ ಮೇಲೆ ಬೀಳುತ್ತಿತ್ತು. ಬೆಳಗಿನಿಂದ ಬೀಸಿದ ಹಿಟ್ಟೆಲ್ಲ ಕರಗಿ ಕಣ್ಣಿಗಿಳಿಯಿತು. ಬೂರುಗನ ನೊರೆ ನನ್ನ ಕೊರಳಿಗೆ, ತೋಳಿಗೆ, ಕೂದಲಿಗೆಲ್ಲ ಮೆತ್ತಿಕೊಂಡಿತು. ಅವನು ಬಿಸಿನೀರಿನ ಸುಖಕ್ಕೆ ಕಣ್ಣು ಮುಚ್ಚಿ ನನ್ನ ಎದೆಗೆ ಒರಗಿ ನಿಂತಿದ್ದ. ಆರು ವಾರದಲ್ಲಿ ಮೊದಲ ಸಲ ಅವನು ಹಾಗೆ ಒರಗಿದ್ದು. ಅದನ್ನು ನಾನು ಅವನಿಂದ ಕಿತ್ತುಕೊಂಡಿರಲಿಲ್ಲ, ಹಾಗಾಗಿ ಎರಡು ಕ್ಷಣ ಹೆಚ್ಚು ಹಿಡಿದುಕೊಂಡೆ. ಬಾಲದ ಬುಡ, ತೊಡೆಯ ಹಿಂದೆ, ಕಂಕುಳು. ಒಂದು ಮುಷ್ಟಿ ಕೂದಲು ಹಿಂಡಿ ಅಂಗೈಯಲ್ಲಿ ನೋಡಿದೆ. ನೀರು ತಿಳಿಯಾಗಿತ್ತು. ಚರ್ಮದ ಹತ್ತಿರ ಬೆರಳಿಟ್ಟು ಎಳೆದೆ. ಕಿರ್ ಅಂದಿತು.

"ಇನ್ನೊಂದು," ಅಂದೆ. "ಇನ್ನೊಂದಕ್ಕೆ ಮುಗೀತು."

ಟೀಚರ್ ಮಗ್ಗು ಬಿಟ್ಟು ಬಕೆಟ್ಟನ್ನೇ ಸರಳಿಗೆ ಒರಗಿಸಿ ಬಗ್ಗಿಸಿದರು, ಪಕ್ಕದವಳು ತಳ ಎತ್ತಿಕೊಟ್ಟಳು. ಉಳಿದ ನೀರೆಲ್ಲ ಒಟ್ಟಿಗೆ ಬಂತು. ನಾನು ತಪ್ಪಿಸಿಕೊಳ್ಳುವಂತಿರಲಿಲ್ಲ, ಮಂಡಿಯ ನಡುವೆ ನಾಯಿಯಿತ್ತು. ನೀರು ನನ್ನ ನೆತ್ತಿಯ ಮೇಲೆ ಬಿದ್ದು, ಮೈಯ ನೊರೆಯನ್ನೆಲ್ಲ ತೊಳೆದುಕೊಂಡು, ಕೆಳಗೆ ಬೂರುಗನ ಮೇಲಿಂದ ಇಳಿದು ಹೋಯಿತು. ಕಣ್ಣು ಒರೆಸಿಕೊಂಡು ನೋಡಿದೆ. ಬೂರುಗ ಕತ್ತೆತ್ತಿ ಕಿಟಕಿಯನ್ನೇ ನೋಡುತ್ತಿದ್ದ, ಬಾಲ ಇಡೀ ಹಿಂಭಾಗವನ್ನು ಎಳೆದುಕೊಂಡು ಆಡುತ್ತಿತ್ತು. ನಾನೂ ಕತ್ತೆತ್ತಿದ್ದೆ. ಸರಳಿನ ಹಿಂದಿನ ಆ ಸೊರಗಿದ ಮುಖವನ್ನು ನಾನು ಮೂವತ್ತು ವರ್ಷ ಗೋಡೆಯಾಚೆ ನೋಡಿದ್ದೆ. ಇವರು ಮಧ್ಯಾಹ್ನ ಏನು ತಿಂದರು, ರಾತ್ರಿ ಯಾರು ಹೊದಿಸುತ್ತಾರೆ ಎಂದು ಆವತ್ತಿನ ತನಕ ಒಮ್ಮೆಯೂ ಅನ್ನಿಸಿರಲಿಲ್ಲ. ಈಗ ಅದನ್ನು ಕೇಳದೆ ಅಲ್ಲಿಂದ ಕದಲಲು ಆಗಲಿಲ್ಲ.

"ಲೇ ಪುಟ್ತಾಯಿ," ಅಂದ ಗವಿಯಪ್ಪ, ನನ್ನನ್ನು ಮೇಲಿಂದ ಕೆಳಗೆ ನೋಡುತ್ತ. "ನಿಂಗೂ ಬಿತ್ತಲ್ಲೇ."

ಟೀಚರಿಗೂ ಅದು ತಿಳಿಯಿತು. "ಅಯ್ಯೋ, ಬೇಕೂ ಅಂತ ಹುಯ್ದಿಲ್ಲ ಕಣೇ," ಅಂದರು ಹೆದರಿಕೊಂಡು. "ಮನೆಗೆ ಹೋಗಿ ಒಂದು ಚೊಂಬು ನೀನೇ ಹುಯ್ಕೋ, ಸರಿಹೋಗುತ್ತೆ."

"ಹುಯ್ಕೋತೀನಿ ಟೀಚರ್," ಅಂದೆ. "ಮಧ್ಯಾಹ್ನ ಊಟ ಮಾಡಿಲ್ವಂತೆ, ಯಾಕೆ?"

ಮಾರನೆಯ ದಿನ ನಾಲ್ಕೂವರೆಗೇ ಮಿಲ್ಲು ನಿಲ್ಲಿಸಿದೆ. ಡಬ್ಬಿ ಹಿಡಿದು ಸಾಲಿನಲ್ಲಿ ನಿಂತವರು ಗೊಣಗಿದರು. ಒಂದು ಡಬ್ಬಿಯಲ್ಲಿ ಮೆತ್ತನೆಯ ಮುದ್ದೆ, ಸಪ್ಪೆಸಾರು ಕಟ್ಟಿಕೊಂಡು ನಾನೂ ಬೂರುಗನೂ ಹೊರಟೆವು. ಅವನು ಓಣಿಗೆ ಹೋದ, ನಾನು ಗೇಟಿನಿಂದ ಮೇಲೆ ಹೋದೆ. ಕಿಟಕಿಯ ಹತ್ತಿರ ಟೀಚರ್ ಒಂದು ಕೈಯಿಂದ ಸರಳು ಹಿಡಿದುಕೊಂಡರು, ಇನ್ನೊಂದು ಕೈಯನ್ನು ನಾನು ಹಿಡಿದುಕೊಂಡೆ. ಆಮೇಲೆ ಅವರನ್ನು ವಾರ್ಡಿನ ಆ ತುದಿಯ ತನಕ ನಡೆಸಿದೆ. ನಡೆಯಲ್ಲ ಅಂದರು, ನನಗೆ ಓಟದಲ್ಲಿ ಎಷ್ಟು ಬೈದಿದ್ದರೋ ಅಷ್ಟನ್ನೂ ನೆನಪಿಸಿದೆ, ನಡೆದರು.

ಅದಾಗಿ ಇವತ್ತಿಗೆ ಹನ್ನೊಂದು ದಿನ. ಗೋಧಿ, ರಾಗಿ, ಜೋಳ ಎಲ್ಲ ನನ್ನ ಮೈಮೇಲೆ ಪದರ ಪದರವಾಗಿ ಕೂತಿದೆ. ಕುತ್ತಿಗೆಯಲ್ಲಿ ಬೆವರಿಗೆ ಹಿಟ್ಟು ಕಲಸಿದಂತಾಗಿ ಹುಳಿ ವಾಸನೆ ಬರುತ್ತಿದೆ ಎಂದು ನನಗೇ ಗೊತ್ತಾಗುತ್ತದೆ. ಗಿರಾಕಿಗಳು ಒಂದು ಮಾರು ದೂರ ನಿಲ್ಲುತ್ತಾರೆ. ಗವಿಯಪ್ಪ ಪಾಪ ದಿನವೂ ಸಂಜೆ ಹಂಡೆಗೆ ಉರಿ ಹಾಕುತ್ತಾನೆ, ಬಚ್ಚಲಲ್ಲಿ ಟವೆಲು ಇಡುತ್ತಾನೆ, ಚೊಂಬು ತೊಳೆದು ತೊಟ್ಟಿಯ ಅಂಚಿನ ಮೇಲೆ ಬೋರಲು ಹಾಕುತ್ತಾನೆ. ಇವತ್ತೂ ಬಂದು ಬಾಗಿಲಲ್ಲಿ ನಿಂತ.

"ನೀರು ಕಾದಿದೆ," ಅಂದ.

"ನಾಳೆ ನೋಡೋಣ," ಅಂದೆ.